ಮಾಲ್ಡೀವ್ಸ್‌ನಲ್ಲಿ ನಿಮ್ಮವರಷ್ಟೇ ಇರುವ ದ್ವೀಪ ಪಿಕ್‌ನಿಕ್: ಬೆಂಗಳೂರಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಮಾಲ್ಡೀವ್ಸ್‌ಗೆ ಹೋಗಿ ಬಂದವರು ದ್ವೀಪದ ಪಿಕ್‌ನಿಕ್ ಬಗ್ಗೆ ಹೇಳುವ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಫೋಟೊದಲ್ಲಿ ನೋಡಿದ ಮರಳು ನಾವು ಹೋದಾಗ ನೀರಿನಡಿ ಇತ್ತು." "ಪ್ರೈವೇಟ್ ಅಂದಿದ್ದರು, ನೋಡಿದರೆ ಸಾಲಾಗಿ ಬೇರೆ ಬೋಟ್‌ಗಳು ಬಂದವು." "ಬಿಸಿಲು ತಡೆಯಲಾಗದೆ ಅರ್ಧಕ್ಕೇ ವಾಪಸ್ ಬಂದೆವು." ದುಡ್ಡು ಕೊಟ್ಟಿರುತ್ತಾರೆ, ರಜೆ ಹಾಕಿರುತ್ತಾರೆ, ಮಕ್ಕಳಿಗೆ ಆಸೆ ಹುಟ್ಟಿಸಿರುತ್ತಾರೆ. ಆದರೂ ಹೀಗಾಗುತ್ತದೆ.

ಬಹಳಷ್ಟು ಸಲ ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ನಾವು ಟಿಕೆಟ್, ಬಟ್ಟೆ, ಊಟ, ಫೋಟೊ ಅಂತ ಶುರು ಮಾಡಿ ನೀರಿನ ಬಗ್ಗೆ ಕೊನೆಗೆ ಕೇಳುತ್ತೇವೆ. ಅಥವಾ ಕೇಳುವುದೇ ಇಲ್ಲ. ಇದನ್ನು ತಿರುವು ಮುರುವು ಮಾಡಬೇಕು. ಮೊದಲು ಕಡಲು ಯಾವಾಗ ಇಳಿಯುತ್ತದೆ, ಯಾವಾಗ ಏರುತ್ತದೆ ಅಂತ ನೋಡಿ. ಅದನ್ನು ನೋಡಿಕೊಂಡು ದಿನ ಗೊತ್ತು ಮಾಡಿ. ದಿನಕ್ಕೆ ತಕ್ಕ ಹಾಗೆ ಬೋಟ್. ಊಟ ಕೊನೆಗೆ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ.

ಹಂತ 1: ನಿಮಗೆ ಬೇಕಾದದ್ದು ಮರಳ ದಿಬ್ಬವೋ, ಮರಗಳಿರುವ ದ್ವೀಪವೋ?

ಸುತ್ತ ಹವಳದ ದಿಬ್ಬ, ನಡುವೆ ಆಳವಿಲ್ಲದ ತಿಳಿ ನೀರು. ಇದು ಲಗೂನ್. ಅದರೊಳಗೆ ಪಿಕ್‌ನಿಕ್‌ಗೆ ಹೋಗುವ ಜಾಗ ಎರಡು ಬಗೆಯವು. ಒಂದು ಬರೀ ಮರಳ ದಿಬ್ಬ. ಒಂದು ಗಿಡವೂ ಇಲ್ಲ, ನೆರಳಿಲ್ಲ, ಶೌಚಾಲಯವಿಲ್ಲ. ಇನ್ಸ್ಟಾಗ್ರಾಮ್‌ನಲ್ಲಿ ನೀವು ನೋಡುವುದು ಇದನ್ನೇ. ಇನ್ನೊಂದು ಜನ ವಾಸವಿಲ್ಲದ, ತೆಂಗು ಮತ್ತು ಪೊದೆಗಳಿರುವ ಸಣ್ಣ ದ್ವೀಪ. ಫೋಟೊಗೆ ಅಷ್ಟು ಸೊಗಸಲ್ಲ, ಆದರೆ ನೆರಳಿದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಜೊತೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ, ಅಜ್ಜಿ ತಾತ ಇದ್ದರೆ, ಮರಗಳಿರುವ ದ್ವೀಪವನ್ನೇ ಆರಿಸಿ. ಮರಳ ದಿಬ್ಬಕ್ಕೆ ಮೂರು ನಾಲ್ಕು ಗಂಟೆಯ ಪ್ರವಾಸ ಸಾಕು. ದಿನಪೂರ್ತಿ ಕೂರುವ ಜಾಗವಲ್ಲ ಅದು.

ಮಾಲ್ಡೀವ್ಸ್‌ನಲ್ಲಿ ಸುಮಾರು 1,190 ದ್ವೀಪಗಳಿವೆ, ಜನ ವಾಸವಿರುವುದು ಇನ್ನೂರರ ಆಸುಪಾಸಿನಲ್ಲಿ ಮಾತ್ರ. ಹಾಗಂತ ಉಳಿದದ್ದೆಲ್ಲ ಯಾರೂ ಕೇಳದ ಜಾಗ ಅಂದುಕೊಳ್ಳಬೇಡಿ. ಅವುಗಳಲ್ಲಿ ಎಷ್ಟೋ ದ್ವೀಪಗಳನ್ನು ರೆಸಾರ್ಟ್‌ಗೋ, ಬೇಸಾಯಕ್ಕೋ, ಪಿಕ್‌ನಿಕ್‌ಗೋ ಗುತ್ತಿಗೆಗೆ ಕೊಟ್ಟಿರುತ್ತಾರೆ. ಇಳಿಯಲು ಅನುಮತಿ ಬೇಕು, ಕೆಲವು ಕಡೆ ಶುಲ್ಕವೂ ಇರುತ್ತದೆ. "ಅನುಮತಿ ಯಾರು ತೆಗೆದುಕೊಳ್ಳುತ್ತಾರೆ?" ಅನ್ನುವ ಪ್ರಶ್ನೆಗೆ ಗೆಸ್ಟ್‌ಹೌಸ್‌ನವರು ತಡವರಿಸಿದರೆ ಬೇರೆಯವರನ್ನು ಹುಡುಕಿ.

ಉಳಿಯುವ ಊರಿನ ಆಯ್ಕೆಯೂ ಇಲ್ಲೇ ಆಗಬೇಕು. ರಾಜಧಾನಿ ಮಾಲೆಗೆ ಹತ್ತಿರದ ಮಾಫುಶಿಯಲ್ಲಿ ಗೆಸ್ಟ್‌ಹೌಸ್‌ಗಳು ಜಾಸ್ತಿ, ಹಾಗಾಗಿ ಅಲ್ಲಿನ ದಿಬ್ಬಗಳಿಗೆ ಹೋಗುವ ಬೋಟ್‌ಗಳೂ ಜಾಸ್ತಿ. ಸದ್ದಿಲ್ಲದ ಜಾಗ ಬೇಕು ಅನ್ನುವವರು ವಾವು ಅಟಾಲ್‌ನ (ಅಟಾಲ್ ಅಂದರೆ ಉಂಗುರದ ಹಾಗಿರುವ ಹವಳ ದ್ವೀಪಗಳ ಗುಂಪು) ಫುಲಿಧೂ, ದಕ್ಷಿಣ ಆರಿ ಅಟಾಲ್‌ನ ಧಿಗುರಾ ಥರದ ಊರುಗಳನ್ನು ನೋಡಲಿ. ಧಿಗುರಾದಲ್ಲಿ ದ್ವೀಪದ ತುದಿಗೇ ಉದ್ದನೆಯ ಮರಳ ನಾಲಿಗೆ ಇದೆ, ನಡೆದೇ ಹೋಗಬಹುದು. ಬೋಟ್ ರದ್ದಾದ ದಿನ ಅದು ಕೈ ಹಿಡಿಯುತ್ತದೆ.

ದೇಶದೊಳಗೇ ಸಾಕು ಅನ್ನುವವರಿಗೆ ಲಕ್ಷದ್ವೀಪವಿದೆ. ಬಂಗಾರಂ ಮತ್ತು ತಿನ್ನಕರ ಒಂದೇ ಲಗೂನಿನಲ್ಲಿರುವ ದ್ವೀಪಗಳು. ಅಲ್ಲಿಗೆ ನಮಗೂ ಪರ್ಮಿಟ್ ಬೇಕು, ಅದು ಕೈಗೆ ಬರುವ ಮುಂಚೆ ವಿಮಾನದ ಟಿಕೆಟ್ ತೆಗೆಯಬೇಡಿ. ನೀರಿನ ಲೆಕ್ಕ, ನೆರಳಿನ ಲೆಕ್ಕ ಅಲ್ಲಿಗೂ ಇದೇ.

ಹಂತ 2: ಉಬ್ಬರ ಇಳಿತ ನೋಡಿ ದಿನ ಗೊತ್ತು ಮಾಡುವುದು

ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ನಿಧಾನವಾಗಿ ಓದಿ.

ಮಾಲ್ಡೀವ್ಸ್ ಕಡಲಿನ ಉಬ್ಬರ ಇಳಿತದ ವ್ಯತ್ಯಾಸ ದೊಡ್ಡದೇನಲ್ಲ, ಜಾಸ್ತಿ ಇರುವ ದಿನಗಳಲ್ಲೂ ಒಂದು ಮೀಟರಿನ ಆಸುಪಾಸು. ಆದರೆ ಮರಳ ದಿಬ್ಬದ ಎತ್ತರವೇ ಅಷ್ಟಿರುತ್ತದೆ! ಬೆಳಿಗ್ಗೆ ಕ್ರಿಕೆಟ್ ಆಡುವಷ್ಟು ಜಾಗ ಇದ್ದಲ್ಲಿ ಮಧ್ಯಾಹ್ನ ನಾಲ್ಕು ಚಾಪೆ ಹಾಸಲೂ ಜಾಗ ಇರುವುದಿಲ್ಲ.

ಅನೇಕರು ಇದನ್ನು ತಿಳಿದುಕೊಂಡು "ಹಾಗಾದರೆ ನೀರು ಪೂರ್ತಿ ಇಳಿದಾಗ ಹೋದರಾಯ್ತು" ಅನ್ನುತ್ತಾರೆ. ಇದು ಎರಡನೇ ತಪ್ಪು. ನೀರು ಪೂರ್ತಿ ಇಳಿದಾಗ ಎಷ್ಟೋ ಕಡೆ ಬೋಟ್ ದಿಬ್ಬದ ಹತ್ತಿರ ಬರುವುದೇ ಇಲ್ಲ. ದೂರ ನಿಲ್ಲಿಸಿ, ಮೊಣಕಾಲುದ್ದ ನೀರಿನಲ್ಲಿ ಹವಳದ ಚೂರುಗಳ ಮೇಲೆ ನಡೆಸುತ್ತಾರೆ. ತಲೆಯ ಮೇಲೆ ಊಟದ ಬುಟ್ಟಿ, ಕಂಕುಳಲ್ಲಿ ಮಗು. ಕಾಲು ಕೊಯ್ದುಕೊಳ್ಳುವುದು ಇಲ್ಲೇ.

ಸರಿಯಾದ ಲೆಕ್ಕ ಹೀಗೆ. ನೀರು ಇಳಿಯುತ್ತಿರುವಾಗ, ಅಂದರೆ ಪೂರ್ತಿ ಇಳಿಯಲು ಇನ್ನೂ ಎರಡು ಗಂಟೆ ಇರುವಾಗ ತಲುಪಿ. ಮತ್ತೆ ಏರತೊಡಗಿ ಎರಡು ಗಂಟೆಯಾದಾಗ ಹೊರಡಿ. ಉದಾಹರಣೆಗೆ ಆ ದಿನದ ಇಳಿತ ಬೆಳಿಗ್ಗೆ 9 ಗಂಟೆಗೆ ಅಂದುಕೊಳ್ಳಿ. 7ಕ್ಕೆ ದಿಬ್ಬದ ಮೇಲೆ ಕಾಲಿಡಿ, 11ಕ್ಕೆ ಬೋಟ್ ಹತ್ತಿ. ಹೋಗುವಾಗ ಬರುವಾಗ ಬೋಟ್‌ಗೆ ನೀರಿರುತ್ತದೆ, ನಡುವೆ ನಿಮಗೆ ಮರಳಿರುತ್ತದೆ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಗೆಳೆಯರು ಹೋದ ವಾರದ ಹೊತ್ತು ನಿಮ್ಮ ವಾರಕ್ಕೆ ಕೆಲಸಕ್ಕೆ ಬಾರದು.

ಇನ್ನು ದಿನ. ಇದಕ್ಕೆ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ ಹುಣ್ಣಿಮೆಯ ಸುತ್ತಮುತ್ತ ನೀರು ಜಾಸ್ತಿ ಇಳಿಯುತ್ತದೆ, ಜಾಸ್ತಿ ಏರುತ್ತದೆ. ದಿಬ್ಬ ಭರ್ಜರಿಯಾಗಿ ಕಾಣುತ್ತದೆ, ಅಷ್ಟೇ ಬೇಗ ಮುಳುಗುತ್ತದೆ. ಅಷ್ಟಮಿ ಕಳೆದು ದಶಮಿಯವರೆಗಿನ ದಿನಗಳಲ್ಲಿ ಏರಿಳಿತ ಕಡಿಮೆ. ಮರಳು ಸ್ವಲ್ಪ ಚಿಕ್ಕದಾಗಿ ಕಂಡರೂ ನೀರು ನಿಮ್ಮನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಮಕ್ಕಳಿರುವ ಮನೆಯವರಿಗೆ, ಮೊದಲ ಸಲ ಹೋಗುವವರಿಗೆ ಈ ದಿನಗಳೇ ಒಳ್ಳೆಯವು. ಫೋಟೊಗಾಗಿಯೇ ಹೋಗುವವರು ಹುಣ್ಣಿಮೆ ಆರಿಸಿಕೊಳ್ಳಲಿ, ಆದರೆ ಗಡಿಯಾರದಿಂದ ಕಣ್ಣು ತೆಗೆಯಬಾರದು.

ಹೊತ್ತಿನ ವಿಷಯದಲ್ಲಿ ಇನ್ನೂ ಎರಡು ಗೊಂದಲಗಳಿವೆ. ಮಾಲ್ಡೀವ್ಸ್ ನಮಗಿಂತ ಅರ್ಧ ಗಂಟೆ ಹಿಂದೆ. ಬೆಂಗಳೂರಿನಲ್ಲಿ ಕೂತು ಫೋನಿನ ಆ್ಯಪ್‌ನಲ್ಲಿ ನೋಡಿದ ಇಳಿತದ ಹೊತ್ತು ಯಾವ ದೇಶದ ಗಡಿಯಾರದ್ದು ಅಂತ ಖಚಿತ ಮಾಡಿಕೊಳ್ಳಿ. ಸಾಲದ್ದಕ್ಕೆ ಕೆಲವು ರೆಸಾರ್ಟ್‌ಗಳು ಮಾಲೆಗಿಂತ ಒಂದು ಗಂಟೆ ಮುಂದೆ ತಮ್ಮದೇ ಗಡಿಯಾರ ಇಟ್ಟುಕೊಂಡಿರುತ್ತವೆ. ಬೋಟ್‌ನವರ ಹತ್ತಿರ ಮಾತಾಡುವಾಗ "ಮಾಲೆ ಟೈಮ್" ಅಂತಲೇ ಹೇಳಿ.

ತಿಂಗಳ ಮಾತು. ಜನವರಿಯಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾರುತದ ಕಾಲ, ಒಣ ಹವೆ, ಶಾಂತ ಕಡಲು. ಮೇನಿಂದ ಅಕ್ಟೋಬರ್‌ವರೆಗೆ ನೈರುತ್ಯ ಮಾರುತ, ಮಳೆ, ಅಲೆ. ನಮ್ಮ ಮಕ್ಕಳ ಬೇಸಿಗೆ ರಜೆಯಲ್ಲಿ ಏಪ್ರಿಲ್ ಮೊದಲ ಅರ್ಧ ಒಳ್ಳೆಯದು, ಮೇ ತಿಂಗಳನ್ನು ನಂಬಬೇಡಿ. ದಸರಾ ರಜೆಗೆ ಹೋಗುವವರು ಮಳೆ ಬಂದರೆ ಏನು ಅನ್ನುವ ಯೋಚನೆ ಮಾಡಿಯೇ ಹೊರಡಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮಾರುತ ಬದಲಾದಂತೆ ಅಲ್ಲಿನ ಮರಳೂ ಜಾಗ ಬದಲಿಸುತ್ತದೆ. ಫೆಬ್ರವರಿಯಲ್ಲಿ ತೆಗೆದ ಫೋಟೊದ ದಿಬ್ಬ ಆಗಸ್ಟ್‌ನಲ್ಲಿ ಅದೇ ಆಕಾರದಲ್ಲಿ ಇರಬೇಕಿಲ್ಲ. "ಈ ವಾರ ತೆಗೆದ ಫೋಟೊ ಕಳಿಸಿ" ಅಂತ ಕೇಳಿ.

ಹಂತ 3: ಟಿಕೆಟ್, ಕಾಗದಪತ್ರ, ಬಿಡುವಿನ ದಿನ

ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನ ಸಿಕ್ಕಿದರೆ ಸುಮಾರು ಎರಡು ಗಂಟೆಯ ಹಾರಾಟ. ಬೇಗ ಇಳಿಯುವ ವಿಮಾನವನ್ನೇ ತೆಗೆಯಿರಿ. ದೂರದ ದ್ವೀಪಗಳಿಗೆ ಸ್ಪೀಡ್‌ಬೋಟ್‌ಗಳು ಹಗಲಲ್ಲೇ ಜಾಸ್ತಿ, ಸೀಪ್ಲೇನ್ ಅಂತೂ ಹಗಲಲ್ಲಿ ಮಾತ್ರ. ಶುಕ್ರವಾರ ಅಲ್ಲಿ ವಾರದ ರಜೆ. ಸರ್ಕಾರಿ ದೋಣಿಗಳು ಸಾಮಾನ್ಯವಾಗಿ ಓಡುವುದಿಲ್ಲ, ಮಧ್ಯಾಹ್ನ ಪ್ರಾರ್ಥನೆಯ ಹೊತ್ತಿನಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ.

ಇಳಿದ ದಿನವೇ ಪಿಕ್‌ನಿಕ್ ಇಟ್ಟುಕೊಳ್ಳಬೇಡಿ. ಹಿಂದಿರುಗುವ ದಿನವೂ ಬೇಡ. ನಡುವೆ ಕನಿಷ್ಠ ಎರಡು ಪೂರ್ತಿ ದಿನ ಇರಲಿ. ಮೊದಲನೆಯದು ಪಿಕ್‌ನಿಕ್‌ಗೆ, ಎರಡನೆಯದು ಗಾಳಿ ಎದ್ದರೆ ಅಂತ ಬಿಡುವು. ಈ ಬಿಡುವಿನ ದಿನ ಇಲ್ಲದವರು ಕೆಟ್ಟ ಹವೆಯಲ್ಲೂ "ಇವತ್ತು ಬಿಟ್ಟರೆ ಇನ್ನಿಲ್ಲ" ಅಂತ ಹೊರಟುಬಿಡುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದ.

ಪ್ರವಾಸಿಗರಿಗೆ ಮಾಲೆಯಲ್ಲಿ ಇಳಿದ ಮೇಲೆ 30 ದಿನದ ವೀಸಾ ಉಚಿತವಾಗಿ ಸಿಗುತ್ತದೆ. ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಕೈಯಲ್ಲಿರಬೇಕು. ಐಮುಗಾ ಅನ್ನುವ ಸರ್ಕಾರಿ ಫಾರ್ಮ್ ಅನ್ನು ಪ್ರಯಾಣಕ್ಕೆ 96 ಗಂಟೆ ಇರುವಾಗಿನಿಂದ ಆನ್‌ಲೈನ್‌ನಲ್ಲಿ ತುಂಬಬಹುದು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತುಂಬಬೇಕು. ಇದಕ್ಕೆ ಒಂದು ರೂಪಾಯಿಯೂ ಇಲ್ಲ. ಯಾವುದಾದರೂ ವೆಬ್‌ಸೈಟ್ ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.

ಮದ್ಯ, ಹಂದಿ ಮಾಂಸ, ಪೂಜೆಯ ಮೂರ್ತಿ ಒಳಗೆ ಒಯ್ಯುವಂತಿಲ್ಲ. 2024ರ ನವೆಂಬರ್‌ನಿಂದ ವೇಪ್ (ಇ-ಸಿಗರೇಟ್) ಕೂಡ ನಿಷಿದ್ಧ. ಕೆಂಪೇಗೌಡ ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಗೂ ಇದೇ ನಿಯಮ. ಗೆಸ್ಟ್‌ಹೌಸ್‌ಗಳಿರುವ ಊರುಗಳಲ್ಲಿ ಮದ್ಯ ಸಿಗುವುದಿಲ್ಲ, ಬಿಕಿನಿಗೆ ಬೇರೆಯೇ ಬೀಚ್ ಇರುತ್ತದೆ. ಬಂದರಿಗೆ ನಡೆದು ಹೋಗುವಾಗ ಭುಜ, ತೊಡೆ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ರಂಜಾನ್ ತಿಂಗಳಲ್ಲಿ ಹಗಲು ಹೋಟೆಲ್‌ಗಳು ಮುಚ್ಚಿರುತ್ತವೆ, ಎಲ್ಲರೆದುರು ತಿನ್ನುವುದೂ ಸಲ್ಲದು. ಆ ತಿಂಗಳಲ್ಲಿ ಊಟದ ಏರ್ಪಾಡು ಹೇಗೆ ಅಂತ ಮೊದಲೇ ಕೇಳಿಕೊಳ್ಳಿ.

ಹಂತ 4: ಬೋಟ್ ಗೊತ್ತು ಮಾಡುವಾಗ ಕೇಳಲೇಬೇಕಾದ್ದು

ಎಲ್ಲ ಮಾತೂ ವಾಟ್ಸ್ಆ್ಯಪ್‌ನಲ್ಲಿ ಬರಹದಲ್ಲಿರಲಿ. ಫೋನಿನಲ್ಲಿ "ಹೌದು ಸಾರ್, ಆಗುತ್ತೆ" ಅಂದದ್ದು ಬಂದರಿನಲ್ಲಿ ನೆನಪಿರುವುದಿಲ್ಲ.

ಮೊದಲ ಪ್ರಶ್ನೆ: ಬೋಟ್ ನಮಗೊಬ್ಬರಿಗೇನಾ? ಎರಡನೆಯದು ಇದಕ್ಕಿಂತ ಮುಖ್ಯ: ಆ ಹೊತ್ತಿನಲ್ಲಿ ಆ ದಿಬ್ಬಕ್ಕೆ ಬೇರೆ ಬೋಟ್‌ಗಳು ಬರುತ್ತವಾ? ಬೋಟ್ ನಿಮ್ಮದೊಂದೇ ಆಗಿ, ದಿಬ್ಬ ಊರಿನವರಿಗೆಲ್ಲ ಆಗಿರಬಹುದು. ಪ್ರೈವೇಟ್ ಅನ್ನುವ ಮಾತಿಗೆ ಬೋಟ್‌ನವರು ಇಟ್ಟುಕೊಂಡಿರುವ ಅರ್ಥ ಸಾಮಾನ್ಯವಾಗಿ ಬೋಟ್‌ಗೆ ಸೇರಿದ್ದು, ಜಾಗಕ್ಕೆ ಸೇರಿದ್ದಲ್ಲ. ಗುಂಪಿನ ಟ್ರಿಪ್‌ಗಳು ಹೆಚ್ಚಾಗಿ ತಿಂಡಿ ಮುಗಿಸಿ ಒಂಬತ್ತು ಹತ್ತರ ಮೇಲೆ ಹೊರಡುತ್ತವೆ. ಬೆಳಗಿನ ಆರೂವರೆಗೇ ಹೊರಟರೆ ದಿಬ್ಬ ನಿಮ್ಮದೇ.

ಮೂರನೆಯದು: ನಾವು ಇರುವಷ್ಟು ಹೊತ್ತೂ ಬೋಟ್ ಅಲ್ಲೇ ಇರುತ್ತದಾ? "ಬಿಟ್ಟು ಹೋಗಿ ಆಮೇಲೆ ಬರ್ತೀವಿ" ಅಂದರೆ ಒಪ್ಪಬೇಡಿ. ಸ್ವಲ್ಪ ದುಡ್ಡು ಉಳಿಯುತ್ತದೆ ನಿಜ. ಆದರೆ ಮೋಡ ಕವಿದಾಗ, ಯಾರಿಗಾದರೂ ಏಟಾದಾಗ ಬರೀ ಮರಳಿನ ಮೇಲೆ ನಿಂತು ಕಾಯಬೇಕು. ಬೋಟ್‌ಗೆ ಮೇಲ್ಛಾವಣಿ ಇದ್ದು ಅದು ಪಕ್ಕದಲ್ಲೇ ನಿಂತಿದ್ದರೆ ನೆರಳೂ ಸಿಕ್ಕಿತು, ಧೈರ್ಯವೂ ಸಿಕ್ಕಿತು.

ಲೈಫ್ ಜಾಕೆಟ್ ಎಲ್ಲರಿಗೂ ಇದೆಯಾ, ಮಕ್ಕಳ ಅಳತೆಯದು ಇದೆಯಾ ಅಂತ ಕೇಳಿ ಫೋಟೊ ತರಿಸಿಕೊಳ್ಳಿ. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ ನೀರಿಗೆ ಬಿದ್ದಾಗ ಅದು ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ.

ದರ ಕೇಳುವಾಗ ಇಂಧನ, ಊಟ, ದ್ವೀಪದ ಶುಲ್ಕ, ತೆರಿಗೆ ಎಲ್ಲ ಸೇರಿ ಎಷ್ಟು ಅಂತ ಕೇಳಿ. 2025ರ ಜುಲೈನಿಂದ ಪ್ರವಾಸೋದ್ಯಮದ ಜಿಎಸ್‌ಟಿ 17 ಶೇಕಡ. ಗೆಸ್ಟ್‌ಹೌಸ್ ಬಾಡಿಗೆಯ ಮೇಲೆ ಗ್ರೀನ್ ಟ್ಯಾಕ್ಸ್ ಬೇರೆ. 50ಕ್ಕಿಂತ ಜಾಸ್ತಿ ಕೋಣೆಗಳಿಲ್ಲದ ಗೆಸ್ಟ್‌ಹೌಸ್‌ಗಳಲ್ಲಿ ತಲೆಗೆ ದಿನಕ್ಕೆ 6 ಡಾಲರ್. ಎರಡು ಮನೆಯವರು ಸೇರಿದರೆ ಬೋಟ್ ಖರ್ಚು ಅರ್ಧವಾಗುತ್ತದೆ, ಏಕೆಂದರೆ ನಾಲ್ಕು ಜನ ಕೂತರೂ ಎಂಟು ಜನ ಕೂತರೂ ಬೋಟ್‌ಗೆ ಬೇಕಾಗುವ ಎಣ್ಣೆ ಹೆಚ್ಚುಕಮ್ಮಿ ಅಷ್ಟೇ. ಹವೆ ಕೆಟ್ಟು ಅವರೇ ರದ್ದು ಮಾಡಿದರೆ ಮುಂಗಡ ವಾಪಸ್ಸಾ, ಮರುದಿನಕ್ಕೆ ಹೊಂದಿಸುತ್ತಾರಾ ಅನ್ನುವುದೂ ಬರಹದಲ್ಲಿರಲಿ.

ಹಂತ 5: ಬೆಂಗಳೂರಿನಲ್ಲೇ ಮಾಡಿಕೊಳ್ಳಬೇಕಾದ ತಯಾರಿ

ನಮ್ಮೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಇಲ್ಲಿನ ತಂಪಿಗೆ ಒಗ್ಗಿದ ಮೈಗೆ ಅಲ್ಲಿನ ಸೆಕೆ, ಮರಳಿನಿಂದ ಪುಟಿಯುವ ಬಿಸಿಲು ಎರಡೂ ಹೊಸದು. ಬಿಸಿಲಿನ ಕ್ರೀಮ್ ಒಂದನ್ನೇ ನಂಬಬೇಡಿ. ತುಂಬುತೋಳಿನ ಈಜುವ ಅಂಗಿ, ಅಗಲ ಅಂಚಿನ ಟೋಪಿ, ಗಲ್ಲದ ಕೆಳಗೆ ಕಟ್ಟುವ ದಾರ. ದಾರ ಇಲ್ಲದ ಟೋಪಿ ಮೊದಲ ಐದು ನಿಮಿಷದಲ್ಲೇ ಲಗೂನಿನ ಪಾಲು. ಕ್ರೀಮ್ ಕೊಳ್ಳುವಾಗ ಜಿಂಕ್ ಆಕ್ಸೈಡ್ ಇರುವುದನ್ನು ನೋಡಿ. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇದ್ದರೆ ಬೇಡ, ಅವು ಹವಳಕ್ಕೆ ಹಾನಿ ಮಾಡುವಂಥವು ಅಂತ ಕೆಲವು ಕಡೆ ನಿಷೇಧಿಸಿದ್ದಾರೆ.

ಕಾಲಿಗೆ ರಬ್ಬರ್ ಅಡಿಯ ನೀರಿನ ಬೂಟು ಕಡ್ಡಾಯ. ಹವಾಯಿ ಚಪ್ಪಲಿ ಮರಳಿನಲ್ಲಿ ಹೂತುಕೊಳ್ಳುತ್ತದೆ, ನೀರಿನಲ್ಲಿ ತೇಲಿ ಹೋಗುತ್ತದೆ.

ನೀರಿನೊಳಗೆ ನೋಡುವ ಮಾಸ್ಕ್ ಕೊಳ್ಳುವವರು ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈ ಬಿಡಿ. ಮಾಸ್ಕ್ ಬೀಳದೆ ಮುಖಕ್ಕೆ ಅಂಟಿಕೊಂಡರೆ ಅದು ನಿಮ್ಮದು. ಬಿದ್ದರೆ ಬೇರೆ ನೋಡಿ. ಮೀಸೆ ಇದ್ದವರಿಗೆ ಮೇಲ್ತುಟಿಯ ಹತ್ತಿರ ನೀರು ನುಗ್ಗುತ್ತದೆ, ಮೀಸೆ ಸ್ವಲ್ಪ ಕತ್ತರಿಸಿಕೊಂಡರೆ ವಾಸಿ. ಹೊಸ ಮಾಸ್ಕ್‌ನ ಗಾಜಿನ ಒಳಬದಿಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಉಜ್ಜಿ ತೊಳೆಯಿರಿ, ಮಂಜು ಕಟ್ಟುವುದು ಕಡಿಮೆಯಾಗುತ್ತದೆ. ಆಮೇಲೆ ಹತ್ತಿರದ ಈಜುಕೊಳದಲ್ಲಿ ಒಂದೆರಡು ದಿನ ಅದನ್ನು ಹಾಕಿಕೊಂಡು ಬಾಯಲ್ಲಿ ಉಸಿರಾಡುವುದನ್ನು ಅಭ್ಯಾಸ ಮಾಡಿ. ಬಸವನಗುಡಿಯಲ್ಲಿ, ಸ್ಯಾಂಕಿ ಕೆರೆಯ ಬಳಿ, ಹಲಸೂರಿನಲ್ಲಿ ಈಜುಕೊಳಗಳಿವೆ. ಲಗೂನಿನಲ್ಲೇ ಮೊದಲ ಸಲ ಮಾಸ್ಕ್ ಹಾಕುವವರು ಗಾಬರಿಯಾಗಿ ನೀರು ಕುಡಿಯುತ್ತಾರೆ.

ನೆರಳಿಗೆ ದೊಡ್ಡ ಛತ್ರಿಯನ್ನು ಗೆಸ್ಟ್‌ಹೌಸ್‌ನವರೇ ಕೊಡುತ್ತಾರೆ. ಅದನ್ನು ನಿಲ್ಲಿಸುವ ದಾರ ನೀವು ಒಯ್ಯಿರಿ. ಛತ್ರಿಯ ಕೋಲನ್ನು ಮರಳಿಗೆ ಚುಚ್ಚಿದರೆ ಸಾಲದು, ಒಂದು ಗಾಳಿಗೆ ಹಾರುತ್ತದೆ. ಹೀಗೆ ಮಾಡಿ. ಮೂರು ಬಟ್ಟೆಯ ಚೀಲಗಳಿಗೆ ಒದ್ದೆ ಮರಳು ತುಂಬಿ ಬಾಯಿ ಕಟ್ಟಿ. ಪ್ರತಿ ಚೀಲಕ್ಕೆ ಎರಡು ಮಾರು ನೈಲಾನ್ ಹಗ್ಗ ಕಟ್ಟಿ. ಮೊಳ ಆಳದ ಗುಂಡಿ ತೋಡಿ ಚೀಲವನ್ನು ಹೂತು, ಮೇಲೆ ಮರಳು ಎಳೆದು ಕಾಲಿಂದ ತುಳಿದು ಗಟ್ಟಿ ಮಾಡಿ. ಹಗ್ಗದ ಇನ್ನೊಂದು ತುದಿಯನ್ನು ಛತ್ರಿಯ ಕೋಲಿನ ಮೇಲ್ಭಾಗಕ್ಕೆ ಎಳೆದು ಕಟ್ಟಿ. ಗಾಳಿ ಬರುವ ಕಡೆಗೆ ಎರಡು ಹಗ್ಗ, ಇನ್ನೊಂದು ಕಡೆಗೆ ಒಂದು. ಚಿಕ್ಕಪೇಟೆಯ ಯಾವ ಹಗ್ಗದ ಅಂಗಡಿಯಲ್ಲಾದರೂ ಸಿಗುವ ಸಾಮಾನು ಇದು.

ಔಷಧಿ ಡಬ್ಬಿಯಲ್ಲಿ ಓಆರ್‌ಎಸ್, ಚಿಮಟ, ಗಾಯದ ಪಟ್ಟಿ, ನಂಜುನಿವಾರಕ, ನಿಮ್ಮ ದಿನನಿತ್ಯದ ಮಾತ್ರೆ, ಅದಕ್ಕೆ ವೈದ್ಯರ ಚೀಟಿ ಇರಲಿ. ಬೋಟ್‌ನಲ್ಲಿ ವಾಂತಿಯಾಗುವವರು ಮಾತ್ರೆ ಯಾವಾಗ ನುಂಗಬೇಕು ಅಂತ ವೈದ್ಯರನ್ನು ಕೇಳಿಕೊಳ್ಳಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಕೆಲಸ ಮಾಡುವುದಿಲ್ಲ.

ಹಂತ 6: ಬುತ್ತಿ

ಸಸ್ಯಾಹಾರಿಗಳು ಇಲ್ಲಿ ಎಚ್ಚರ. ಮಾಲ್ಡೀವ್ಸ್ ಅಡುಗೆಯಲ್ಲಿ ಟ್ಯೂನಾ ಮೀನು ಎಲ್ಲೆಲ್ಲೂ ಇದೆ. ಬೆಳಗಿನ ತಿಂಡಿ ಮಾಸ್ ಹುನಿಯಲ್ಲಿ ತೆಂಗಿನತುರಿ, ಈರುಳ್ಳಿಯ ಜೊತೆ ಇರುವುದೂ ಮೀನೇ. "ವೆಜ್" ಅಂದರೆ ಸಾಲದು. "ಮೀನು ಬೇಡ, ಮೀನಿನ ಪುಡಿ ಬೇಡ, ಮೀನಿನ ಸಾರು ಬೇಡ" ಅಂತ ಬಿಡಿಸಿ ಬರೆದು ಕಳಿಸಿ. ರೊಶಿ ಅನ್ನುವ ಅವರ ಚಪಾತಿ ಮಾತ್ರ ನಮ್ಮ ನಾಲಿಗೆಗೆ ಚೆನ್ನಾಗಿ ಒಗ್ಗುತ್ತದೆ.

ನನ್ನ ಆಯ್ಕೆ ಪುಳಿಯೋಗರೆ. ಗೊಜ್ಜನ್ನು ಮನೆಯಲ್ಲೇ ಮಾಡಿ, ಎಣ್ಣೆ ತೇಲುವಷ್ಟು ಬಾಡಿಸಿ, ಡಬ್ಬಿಗೆ ತುಂಬಿ ಚೆಕ್‌ಇನ್ ಲಗೇಜಿನಲ್ಲಿಡಿ. ಗೆಸ್ಟ್‌ಹೌಸ್‌ನಲ್ಲಿ ಬೆಳಿಗ್ಗೆ ಅನ್ನ ಮಾಡಿಸಿ, ತಟ್ಟೆಯಲ್ಲಿ ಹರಡಿ ಆರಿಸಿ, ಕಲಸಿಕೊಂಡು ಹೊರಡಿ. ಬಿಸಿ ಅನ್ನವನ್ನೇ ಮುಚ್ಚಿಟ್ಟರೆ ಆ ಸೆಕೆಗೆ ಹಳಸುತ್ತದೆ. ಮೊಸರನ್ನ, ಕಾಯಿ ಚಟ್ನಿ, ಮೊಟ್ಟೆ ಬೇಡವೇ ಬೇಡ. ಕೋಡುಬಳೆ, ನಿಪ್ಪಟ್ಟು ಒಯ್ಯಬಹುದು, ಗಾಳಿಯಾಡದ ಡಬ್ಬಿಯಲ್ಲಿ. ಹಣ್ಣಿಗೆ ಅಲ್ಲಿನದೇ ಕಲ್ಲಂಗಡಿ, ಪಪ್ಪಾಯ ಕೇಳಿ. ಉತ್ತರ ಆರಿ ಕಡೆಯ ತೊಡ್ಡೂ ದ್ವೀಪ ಕಲ್ಲಂಗಡಿಗೇ ಹೆಸರಾದದ್ದು.

ಒಬ್ಬೊಬ್ಬರಿಗೂ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಬೇರೆ ಬೇರೆ ಹಾಕಿ. ಒಂದೇ ಪಾತ್ರೆಯಿಂದ ಬಡಿಸಲು ಹೋದರೆ ಗಾಳಿಗೆ ಹಾರಿದ ಮರಳು ಮೊದಲ ತುತ್ತಿನಲ್ಲೇ ಹಲ್ಲಿಗೆ ಸಿಗುತ್ತದೆ. ಪ್ಲಾಸ್ಟಿಕ್ ತಟ್ಟೆ ಲೋಟ ಒಯ್ಯಬೇಡಿ, ಒಂದೇ ಸಲ ಬಳಸುವ ಪ್ಲಾಸ್ಟಿಕ್‌ಗೆ ಅಲ್ಲಿ ನಿರ್ಬಂಧವಿದೆ. ಕುಡಿಯುವ ನೀರು ತಲೆಗೆ ಎರಡು ಲೀಟರ್‌ಗಿಂತ ಕಡಿಮೆ ಇರಬಾರದು. ಫ್ಲಾಸ್ಕ್‌ನಲ್ಲಿ ಬಿಸಿನೀರೂ ಇರಲಿ, ಕಾಫಿಗೆ ಅಷ್ಟೇ ಅಲ್ಲ. ಕಾರಣ ಎಂಟನೇ ಹಂತದಲ್ಲಿದೆ.

ಹಂತ 7: ಆ ದಿನ

ಎದ್ದ ಕೂಡಲೇ ಬಂದರಿಗೆ ಹೋಗಿ ಲಗೂನಿನ ಆಚೆ ನೋಡಿ. ದೂರದಲ್ಲಿ ಬಿಳಿ ನೊರೆಯ ಅಲೆಗಳು ಜಾಸ್ತಿ ಕಂಡರೆ ಚಾಲಕರನ್ನು "ಹೋಗೋದು ಸರಿಯಾ?" ಅಂತ ಕೇಳಿ. ಅವರು ಬೇಡ ಅಂದರೆ ಚೌಕಾಸಿ ಬೇಡ.

ಇಳಿಯುವಾಗ ಕಾಲನ್ನು ಎತ್ತಿ ಇಡಬೇಡಿ. ಮರಳಿನ ಮೇಲೆ ಎಳೆಯುತ್ತಾ ನಡೆಯಿರಿ. ಮರಳಿನಲ್ಲಿ ಹುದುಗಿ ಮಲಗಿದ ತೊರಕೆ ಮೀನು ಆ ಕದಲಿಕೆಗೆ ಎದ್ದು ಹೋಗುತ್ತದೆ. ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ.

ದಿಬ್ಬದ ಅತಿ ಎತ್ತರದ ಜಾಗದಲ್ಲಿ ಛತ್ರಿ, ಸಾಮಾನು. ನೀರಿನ ಹತ್ತಿರ ಚೆನ್ನಾಗಿದೆ ಅಂತ ಅಲ್ಲಿ ಇಡುವುದು ಎಲ್ಲರೂ ಮಾಡುವ ತಪ್ಪು. ಆಮೇಲೆ ನೀರಿನ ಅಂಚಿನಲ್ಲೇ ಒಂದು ಕೋಲು ನೆಡಿ. ಕಾಲು ಗಂಟೆಗೊಮ್ಮೆ ಅದನ್ನು ನೋಡುವ ಕೆಲಸ ಮನೆಯ ಯಾವುದಾದರೂ ಚುರುಕು ಮಗುವಿಗೆ ಕೊಡಿ. ನೀರು ಕೋಲಿನಿಂದ ದೂರ ಹೋಗುತ್ತಿದ್ದರೆ ಇಳಿಯುತ್ತಿದೆ. ಕೋಲನ್ನು ದಾಟಿ ಒಳಗೆ ಬಂದರೆ ಗಂಟುಮೂಟೆ ಕಟ್ಟುವ ಲೆಕ್ಕ ಶುರು.

ತಲೆಯ ಮೇಲೆ ಹಕ್ಕಿಗಳು ಕಿರುಚುತ್ತಾ ಎರಗಿ ಬರುತ್ತಿದ್ದರೆ ಅಲ್ಲೆಲ್ಲೋ ಮರಳಿನಲ್ಲಿ ಅವುಗಳ ಮೊಟ್ಟೆ ಇದೆ. ರೀವ ಜಾತಿಯ ಹಕ್ಕಿಗಳು ಗೂಡು ಕಟ್ಟದೆ ಬರೀ ಮರಳಿನಲ್ಲೇ ಮೊಟ್ಟೆ ಇಡುತ್ತವೆ, ಮೊಟ್ಟೆಯ ಬಣ್ಣವೂ ಮರಳಿನದ್ದೇ. ದಿಬ್ಬದ ಇನ್ನೊಂದು ತುದಿಗೆ ಹೋಗಿ.

ಮೊದಲು ನೀರಿಗೆ ಇಳಿಯಿರಿ, ಆಮೇಲೆ ಊಟ. ಬಿಸಿಲು ಏರುವ ಮುಂಚೆ ಈಜಿ, ಬಿಸಿಲೇರಿದ ಮೇಲೆ ನೆರಳಲ್ಲಿ ಕೂತು ತಿನ್ನುವುದು ಸರಿಯಾದ ಕ್ರಮ. ಈಜು ಬಾರದವರು ಲೈಫ್ ಜಾಕೆಟ್ ಹಾಕಿಕೊಂಡೇ ಸೊಂಟದ ನೀರಿನಲ್ಲಿರಿ. ತಿಳಿ ನೀಲಿಯಿಂದ ಗಾಢ ನೀಲಿಗೆ ಬಣ್ಣ ಬದಲಾಗುವ ಗೆರೆಯನ್ನು ಯಾರೂ ದಾಟಬಾರದು. ಅಲ್ಲಿ ಆಳ ಒಮ್ಮೆಲೇ ಶುರುವಾಗುತ್ತದೆ, ಸೆಳೆತವೂ ಇರುತ್ತದೆ. ಹವಳದ ಮೇಲೆ ನಿಲ್ಲಬೇಡಿ. ನಿಮ್ಮ ಕಾಲಿಗೂ ಕೆಟ್ಟದ್ದು, ಹವಳಕ್ಕೂ ಕೆಟ್ಟದ್ದು.

ಕ್ರೀಮ್ ಎರಡು ಗಂಟೆಗೊಮ್ಮೆ. ಕಿವಿಯ ಹಿಂದೆ, ಪಾದದ ಮೇಲ್ಭಾಗ, ಮಂಡಿಯ ಹಿಂದೆ ಎಲ್ಲರೂ ಮರೆಯುತ್ತಾರೆ. ಸಂಜೆಯ ಪಿಕ್‌ನಿಕ್ ಆದರೆ ಸೂರ್ಯ ಮುಳುಗುವ ಮುಂಚೆ ಹೊರಡಿ. ವರ್ಷಪೂರ್ತಿ ಅಲ್ಲಿ ಕತ್ತಲಾಗುವುದು ಆರರ ಸುಮಾರಿಗೆ. ಚಾಲಕರು ಹವಳದ ದಿಬ್ಬವನ್ನು ಗುರುತಿಸುವುದು ನೀರಿನ ಬಣ್ಣ ನೋಡಿ. ಬೆಳಕು ಇಳಿದರೆ ಅವರಿಗೂ ಕಾಣುವುದಿಲ್ಲ.

ಹಂತ 8: ಅಪಾಯದ ಸೂಚನೆಗಳು

ದಿಗಂತದಲ್ಲಿ ಕಪ್ಪು ಗೆರೆ ಎದ್ದು, ಇದ್ದಕ್ಕಿದ್ದ ಹಾಗೆ ತಣ್ಣನೆಯ ಗಾಳಿ ಬೀಸಿದರೆ ಮಳೆಗಾಳಿ ಹತ್ತಿರದಲ್ಲಿದೆ ಅಂತ ಅರ್ಥ. ಛತ್ರಿ ಮಡಚಿ, ಎಲ್ಲರೂ ಬೋಟ್‌ಗೆ. ಗುಡುಗು ಕೇಳಿದರಂತೂ ಸಾಮಾನು ಬಿಟ್ಟಾದರೂ ಹೊರಡಿ. ಸಪಾಟು ಮರಳಿನ ಮೇಲೆ ಎಲ್ಲಕ್ಕಿಂತ ಎತ್ತರ ಇರುವುದು ನೀವೇ.

ಯಾರಾದರೂ ತಲೆನೋವು, ವಾಕರಿಕೆ ಅಂದರೆ, ಅಷ್ಟು ಬಿಸಿಲಲ್ಲೂ ಚಳಿ ಅಂದರೆ, ಅದು ಬಿಸಿಲಿನ ಪೆಟ್ಟು. ನೆರಳಿಗೆ ಕರೆತಂದು, ಒದ್ದೆ ಬಟ್ಟೆ ಸುತ್ತಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಮಾತು ತೊದಲಿದರೆ, ಗೊಂದಲವಾದರೆ ಕಾಯದೆ ಊರಿಗೆ ಮರಳಿ ಆಸ್ಪತ್ರೆಗೆ ಹೋಗಿ.

ಕಲ್ಲಿನ ಹಾಗೆ ಕಾಣುವ ಸ್ಟೋನ್‌ಫಿಶ್, ತೊರಕೆ, ಇವುಗಳ ಮುಳ್ಳು ಚುಚ್ಚಿದರೆ ನೋವು ಭಯಂಕರ. ಆಗ ಬೇಕಾಗುವುದು ಆ ಫ್ಲಾಸ್ಕ್‌ನ ಬಿಸಿನೀರು. ಸುಮಾರು 45 ಡಿಗ್ರಿ, ಅಂದರೆ ಚೆನ್ನಾಗಿರುವ ಕೈಯನ್ನು ಇಟ್ಟರೆ ತಡೆಯಬಹುದಾದಷ್ಟು ಬಿಸಿ ಇರುವ ನೀರಿನಲ್ಲಿ ಗಾಯವನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು. ನೋವು ಇಳಿಯುತ್ತದೆ. ಐಸ್ ಇಡಬೇಡಿ. ಆಳವಾಗಿ ನಾಟಿದ ಮುಳ್ಳನ್ನು ನೀವೇ ಕೀಳಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಮಾಸ್ಕ್ ಹಾಕಿ ನೋಡುವಾಗ ದಪ್ಪ ಹಲ್ಲಿನ ದೊಡ್ಡ ಟ್ರಿಗರ್ ಮೀನು ನಿಮ್ಮತ್ತ ನುಗ್ಗಿ ಬಂದರೆ ಮೇಲಕ್ಕೆ ಹೋಗಬೇಡಿ. ಅದು ಕಾಯುವ ಜಾಗ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುತ್ತದೆ. ಅಡ್ಡಕ್ಕೆ ಈಜಿ ದೂರ ಸರಿಯಿರಿ.

ವಿಮಾನ ನಿಲ್ದಾಣದಲ್ಲೇ ಧಿರಾಗು ಅಥವಾ ಊರೆಡೂ ಸಿಮ್ ತೆಗೆದುಕೊಳ್ಳಿ. ಕೋಸ್ಟ್ ಗಾರ್ಡ್ 191, ಆಂಬ್ಯುಲೆನ್ಸ್ 102. ಎರಡೂ ನಂಬರ್ ಮನೆಯ ದೊಡ್ಡವರೆಲ್ಲರ ಫೋನಿನಲ್ಲಿರಲಿ.

ಹಂತ 9: ಕಟ್ಟಿಕೊಂಡು ಹೊರಡುವುದು

ಹೊರಡುವ ಹೊತ್ತಿಗೆ ಅರ್ಧ ಗಂಟೆ ಇರುವಾಗಲೇ ಕಟ್ಟಲು ಶುರು ಮಾಡಿ. ಹೂತಿಟ್ಟ ಮೂರೂ ಚೀಲ ತೆಗೆದು ಮರಳು ಸುರಿದು ಮಡಚಿ, ಒಂದನ್ನು ಮರೆತು ಬರುವುದು ಸುಲಭ. ಕಲ್ಲಂಗಡಿ ಸಿಪ್ಪೆ, ಉಳಿದ ಅನ್ನ ಕೂಡ ಡಬ್ಬಿಗೆ ಬರಲಿ. "ಮೀನು ತಿನ್ನುತ್ತೆ ಬಿಡಿ" ಅಂತ ನೀರಿಗೆ ಹಾಕಬೇಡಿ. ಶೌಚಕ್ಕೆ ಬೋಟ್‌ನಲ್ಲಿ ವ್ಯವಸ್ಥೆ ಇಲ್ಲದಿದ್ದರೆ ಮಗುವಿನ ಡಯಾಪರ್, ಪ್ಯಾಡ್ ಎಲ್ಲ ಮುಚ್ಚಿದ ಚೀಲದಲ್ಲಿ ಊರಿಗೆ.

ಮಾಸ್ಕ್, ಬೂಟು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ವಿಮಾನ ನಿಲ್ದಾಣಕ್ಕೆ ಹೊರಡುವ ಮುಂಚೆ ಮಕ್ಕಳ ಜೇಬು, ಬೂಟಿನ ಒಳಗೆ, ಬಕೆಟ್ಟಿನ ತಳ ಎಲ್ಲ ನೋಡಿ. ಹವಳದ ತುಂಡು ಅಲ್ಲಿಂದ ಹೊರಗೆ ತರುವುದು ನಿಷಿದ್ಧ, ತಾನಾಗಿ ಸತ್ತು ದಡಕ್ಕೆ ಬಿದ್ದಿದ್ದರೂ ಆಯಬೇಡಿ. ಸಿಕ್ಕಿದರೆ ಮಗುವಿನ ಕೈಲೇ ದಡಕ್ಕೆ ವಾಪಸ್ ಹಾಕಿಸಿ, ಆಮೇಲೆ ಸೂಟ್‌ಕೇಸ್ ಮುಚ್ಚಿ.